ಆಯಿಲ್ ಮುಳ್ಳು

ಆ ಪಿಕಪ್ ಗಾಡಿಗೆ ಒಬ್ಬ ಡ್ರೈವರ್ ಸಾಲುತ್ತಿರಲಿಲ್ಲ, ಇಬ್ಬರು ಬೇಕಿತ್ತು. ಸ್ಟಿಯರಿಂಗ್ ಹಿಡಿಯುವವರು ಅತ್ತೆ. ಪಕ್ಕದಲ್ಲಿ ಕುಳಿತು ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನು ಓದಿ ಹೇಳುವವರು ಮಾವ. ಇವರು ಗಂಡ ಹೆಂಡತಿ, ಮೊಟ್ಟೆ ಸಾಗಿಸುವವರು. ಬೇಕರಿ, ಹಾಸ್ಟೆಲ್ಲು, ಊಟದ ಅಂಗಡಿ, ಎಲ್ಲೆಡೆಯೂ ಇವರದೇ ಮೊಟ್ಟೆ. ಹೋದಲ್ಲೆಲ್ಲ ಚಿಕ್ಕವರು ದೊಡ್ಡವರು ಎನ್ನದೆ ಜನ ಅತ್ತೆ, ಮಾವ ಎಂದೇ ಕರೆಯುವುದರಿಂದ ನಾವೂ ಹಾಗೇ ಕರೆದರೆ ತಪ್ಪೇನಿಲ್ಲ.

ಕನ್ನಡಕ ಹಾಕಿಕೊಂಡರೆ ಅತ್ತೆಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು. ರಸ್ತೆಯ ಆ ತುದಿಯಲ್ಲಿ ನಾಯಿ ಮಲಗಿದ್ದರೆ ಅದು ಯಾವ ಬಣ್ಣದ್ದು, ಅದಕ್ಕೆ ಏಳುವ ಮನಸ್ಸಿದೆಯೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತಿದ್ದರು. ಮೂಗಿನ ಕೆಳಗಿನ ಮುಳ್ಳು ಮಾತ್ರ ಅವರ ಪಾಲಿಗೆ ಬರೀ ಮಂಜು. ಮಾವನದು ಇದರ ತಿರುಗಾಮುರುಗಾ. ಒಂದು ಕಾಲದಲ್ಲಿ ಈ ಗಾಡಿಯನ್ನು ಓಡಿಸುತ್ತಿದ್ದವರು ಅವರೇ. ಆಮೇಲೆ ಕಣ್ಣಿಗೆ ಏನೋ ಬೇನೆ ಬಂದು, ನಾಲ್ಕು ಮಾರು ಆಚೆಯದೆಲ್ಲ ಕಲಸಿ ಹೋಯಿತು. ಕನ್ನಡಕದಿಂದಲೂ ಸರಿಹೋಗದು ಎಂದು ಡಾಕ್ಟರು ಕೈಚೆಲ್ಲಿಬಿಟ್ಟರು. ಮಾವ ಗಾಡಿಯ ಬೀಗದ ಕೈಯನ್ನು ತುಟಿ ಪಿಟಕ್ಕೆನ್ನದೆ ಹೆಂಡತಿಯ ಕೈಗೆ ಕೊಟ್ಟರು. ಅತ್ತೆ ಹಟ ಹಿಡಿದು ಡ್ರೈವಿಂಗ್ ಕಲಿತರು. ಕಲಿತದ್ದಷ್ಟೇ ಅಲ್ಲ, ಗಂಡನಿಗಿಂತ ಚೆನ್ನಾಗಿಯೇ ಓಡಿಸಿದರು. ಇದನ್ನು ಮಾವನೇ ಒಪ್ಪಿಕೊಳ್ಳುತ್ತಿದ್ದರು, ಅತ್ತೆ ಪಕ್ಕದಲ್ಲಿ ಇಲ್ಲದಿದ್ದಾಗ.

ಹತ್ತಿರದ ಕಣ್ಣು ಮಾತ್ರ ಮಾವನಿಗೆ ಹದ್ದಿನಂತಿತ್ತು. ಆದ್ದರಿಂದ ಮುಳ್ಳು ನೋಡುವ ಕೆಲಸ ಅವರ ಪಾಲಿಗೆ ಬಂತು. ಅದನ್ನು ಅವರು ಸುಮ್ಮನೆ ಮಾಡುವ ಪೈಕಿಯವರಲ್ಲ. ಪ್ರತಿ ತಿರುವಿನ ಆಚೆ ಗಂಟಲು ಸರಿಪಡಿಸಿಕೊಂಡು, "ಹೀಟು ಅರ್ಧ. ಆಯಿಲ್ ನಲವತ್ತು. ಡೀಸೆಲ್ ಕಾಲಿಗಿಂತ ಒಂದು ಕೂದಲು ಮೇಲೆ. ಎಲ್ಲಾ ಕ್ಷೇಮ," ಎಂದು ವಾರ್ತೆ ಓದಿದ ಹಾಗೆ ಓದುತ್ತಿದ್ದರು. ಅದಕ್ಕೇ ಅವರಿಗೆ ರೇಡಿಯೊ ಮಾವ ಎಂಬ ಬಿರುದು. ಅತ್ತೆ "ಹೂಂ" ಎನ್ನುತ್ತಿದ್ದರು. ಅವರು "ಹೂಂ" ಎನ್ನದಿದ್ದರೆ ಮಾವ ಮತ್ತೊಮ್ಮೆ ಮೊದಲಿನಿಂದ ಓದುತ್ತಿದ್ದರು.

ಮನೆಯಲ್ಲಿ ಮಗಳೊಬ್ಬಳಿದ್ದಳು. ಒಳ್ಳೆಯವಳು, ಆದರೆ ಒಳ್ಳೆಯದನ್ನು ಮಾಡಲು ಹೊರಟರೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವಳಲ್ಲ. ಅಪ್ಪನ ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುವುದನ್ನು ಕೇಳಿದಾಗಿನಿಂದ ಅವಳದು ಒಂದೇ ರಾಗ.

"ಅಪ್ಪ, ಇನ್ನು ಸಾಕು. ಮನೇಲಿ ಆರಾಮಾಗಿರಿ. ಟ್ರೇ ಇಳಿಸೋಕೆ ಅಮ್ಮನ ಜೊತೆ ಒಬ್ಬ ಆಳನ್ನ ಕಳಿಸಿದ್ರಾಯ್ತು."

"ಟ್ರೇ ಯಾರು ಬೇಕಾದ್ರೂ ಇಳಿಸ್ತಾರಮ್ಮ. ಮುಳ್ಳು ಯಾರು ನೋಡ್ತಾರೆ? ನಿಮ್ಮಮ್ಮನಿಗೆ ಕಾಣ್ಸತ್ತಾ? ಇಂಜಿನ್ ಹೊತ್ತಿ ಹೋದ ಮೇಲೆ ಮೊಟ್ಟೆ ಆಮ್ಲೆಟ್ ಆಗಿ ಮನೆಗೆ ಬರ್ಬೇಕಾ?"

ಮಗಳು ಅಲ್ಲಿಗೆ ಸುಮ್ಮನಾಗುತ್ತಿದ್ದಳು. ಮಾವನಿಗೂ ಗೊತ್ತಿತ್ತು, ಆ ಸೀಟಿನಲ್ಲಿ ತಾನು ಕೂತಿರುವುದು ಮುಳ್ಳುಗಳ ದಯೆಯಿಂದ. ಮುಳ್ಳು ಓದಲಾಗದ ದಿನ ಬಂದರೆ ಹೆಂಡತಿ ಬೆಳಿಗ್ಗೆ ಗಾಡಿ ತೆಗೆದುಕೊಂಡು ಹೋಗುತ್ತಾಳೆ, ತಾನು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅವಳು ಬರುವ ದಾರಿ ಕಾಯಬೇಕು. ಅದೂ ನಾಲ್ಕು ಮಾರು ಆಚೆಯ ದಾರಿ ಕಾಣದ ಕಣ್ಣಿನಲ್ಲಿ.

ಒಂದು ಬೆಳಿಗ್ಗೆ ಗಾಡಿ ತುಂಬ ಮೊಟ್ಟೆ ಹೇರಿಕೊಂಡು ಸೇತುವೆಯ ಇಳಿಜಾರಿನಲ್ಲಿ ಬರುತ್ತಿದ್ದರು. ಮಾವ ವಾರ್ತೆ ಓದಲು ಬಾಯಿ ತೆರೆದವರು ಹಾಗೇ ಉಳಿದರು. ಆಯಿಲ್ ಮುಳ್ಳು ಸತ್ತ ಹಾಗೆ ಸೊನ್ನೆಯ ಮೇಲೆ ಮಲಗಿತ್ತು. ಹಳೆಯ ಡ್ರೈವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಇಂಜಿನ್ನಿನೊಳಗೆ ಎಣ್ಣೆ ಒತ್ತಡದಿಂದ ಹರಿಯುತ್ತಿಲ್ಲ, ಲೋಹಕ್ಕೆ ಲೋಹ ಉಜ್ಜುತ್ತಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿಯಿತು.

"ನಿಲ್ಸು, ನಿಲ್ಸು, ಆಯಿಲ್ ಸೊನ್ನೆ."

ಅತ್ತೆ ಗಕ್ಕನೆ ಬ್ರೇಕ್ ತುಳಿದರು. ಹಿಂದೆ ಟ್ರೇಗಳ ಸಾಲೊಂದು ಜಾರಿ ಲೊಳಕ್ ಎಂದು ಕೂತಿತು. ಗಾಡಿಯ ಹಿಂದೆ ಬರುತ್ತಿದ್ದ ಸ್ಕೂಟರಿನವನು ಇವರ ಏಳು ತಲೆಮಾರನ್ನು ವಿಚಾರಿಸಿಕೊಂಡು ಮುಂದೆ ಹೋದ. ಅತ್ತೆ ಬಗ್ಗಿ, ಮುಖವನ್ನು ಡ್ಯಾಶ್‌ಬೋರ್ಡಿಗೆ ತಾಗಿಸುವಷ್ಟು ಹತ್ತಿರ ತಂದು ನೋಡಿದರು. ಅಷ್ಟರಲ್ಲಿ ಮುಳ್ಳು ಏನೂ ಆಗಿಲ್ಲವೆಂಬಂತೆ ಎದ್ದು ತನ್ನ ಜಾಗದಲ್ಲಿ ನಿಂತಿತ್ತು. ಹಿಂದಿನ ಬಾಗಿಲಿನ ಸಂದಿನಿಂದ ಹಳದಿ ಲೋಳೆ ರಸ್ತೆಗೆ ತೊಟ್ಟಿಕ್ಕುತ್ತಿತ್ತು.

"ಸರಿಯಾಗಿ ನೋಡಿದ್ರಾ?" ಎಂದರು ಅತ್ತೆ.

ಬೇರೆ ಯಾವ ಮಾತನ್ನಾದರೂ ಮಾವ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಬೈದಿದ್ದರೂ ಸೈ. ಆದರೆ ಮುಳ್ಳಿನ ವಿಷಯದಲ್ಲಿ ಅವರು ಓದಿದ್ದನ್ನು ಅತ್ತೆ ಅಂದಿನವರೆಗೆ ಒಮ್ಮೆಯೂ ಪ್ರಶ್ನೆ ಮಾಡಿರಲಿಲ್ಲ. ಮಾವನ ಮುಖ ಇಷ್ಟೇ ಇಷ್ಟಾಯಿತು. ಇಳಿದು ಹೋಗಿ ಒಡೆದ ಮೊಟ್ಟೆಗಳನ್ನು ಬೇರೆ ಮಾಡತೊಡಗಿದರು. ಅತ್ತೆಯೂ ಬಂದು ಪಕ್ಕದಲ್ಲಿ ನಿಂತು ಟ್ರೇ ಒರೆಸಿದರು.

ಆ ದಿನದಿಂದ ಮಾವನಿಗೆ ತನ್ನ ಕಣ್ಣಿನ ಮೇಲೇ ಅನುಮಾನ. ದೂರದ್ದು ಹೋಯಿತು, ಈಗ ಹತ್ತಿರದ್ದೂ ಹೊರಟಿತೇ? ಬಚ್ಚಲಿಗೆ ಬೆಂಕಿಪೊಟ್ಟಣ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡು ಅದರ ಮೇಲಿನ ಸಣ್ಣ ಅಕ್ಷರ ಓದಿದರು. ಮಾತ್ರೆಯ ಹಾಳೆಯ ಬೆನ್ನಿನ ಬರಹ ಓದಿದರು. ಸೂಜಿಗೆ ದಾರ ಪೋಣಿಸಿದರು. ಗೋಡೆಯ ಮೇಲಿನ ಇರುವೆ ಸಾಲಿನಲ್ಲಿ ಕಾಲು ಕುಂಟುವ ಇರುವೆ ಯಾವುದೆಂದು ಹುಡುಕಿದರು. ಎಲ್ಲವೂ ಕಾಣುತ್ತಿತ್ತು. ಆದರೂ ಗಾಡಿಯಲ್ಲಿ ಕೂತು ಸಿಗ್ನಲ್ಲಿನಲ್ಲಿ ನಿಂತೊಡನೆ ಮುಳ್ಳು ಧೊಪ್ಪೆಂದು ಬೀಳುತ್ತಿತ್ತು, ಗಾಡಿ ಹೊರಟರೆ ಏಳುತ್ತಿತ್ತು.

ಈಗ ಹೇಳಿದರೆ ಏನಾಗುತ್ತದೆ? ಮತ್ತೆ ಬ್ರೇಕು, ಮತ್ತೆ ಲೋಳೆ, ಮತ್ತೆ ಆ ಪ್ರಶ್ನೆ. ಮಗಳ ಕಿವಿಗೆ ಬಿದ್ದರಂತೂ ಮರುದಿನವೇ ಆಳು ಬಂದು ಸೀಟಿನಲ್ಲಿ ಕೂತಿರುತ್ತಾನೆ. ಮಾವ ಗಂಟಲು ಸರಿಪಡಿಸಿಕೊಂಡರು. ಸೊನ್ನೆಯ ಮೇಲೆ ಮಲಗಿದ್ದ ಮುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಲೇ ಓದಿದರು.

"ಆಯಿಲ್ ನಲವತ್ತು. ಎಲ್ಲಾ ಕ್ಷೇಮ."

ಅತ್ತೆ ಒಂದು ಕ್ಷಣ ತಡೆದು "ಹೂಂ" ಎಂದರು.

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡು ಬಹಳ ಕಷ್ಟ. ಮಾವ ಬೆಳಿಗ್ಗೆ ಎದ್ದ ಕೂಡಲೇ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡುತ್ತಿದ್ದರು. ಎಣ್ಣೆ ತುಂಬಿರುತ್ತಿತ್ತು. ಒರೆಸಿ ಮತ್ತೆ ಅದ್ದಿ ನೋಡುತ್ತಿದ್ದರು, ಆಗಲೂ ತುಂಬಿರುತ್ತಿತ್ತು. ದಾರಿಯುದ್ದಕ್ಕೂ ಇಂಜಿನ್ನಿನ ಸದ್ದಿಗೆ ಕಿವಿಯಾನಿಸಿ ಕೂರುತ್ತಿದ್ದರು. ಸದ್ದಿನಲ್ಲಿ ಊನವಿರಲಿಲ್ಲ. ಹಾಗಾದರೆ ತಪ್ಪು ಕಣ್ಣಿನದೇ ಎಂದು ಕುಗ್ಗುತ್ತಿದ್ದರು. ಅಕಸ್ಮಾತ್ ಕಣ್ಣಿನದಲ್ಲದಿದ್ದರೆ? ಆಗ ತಾನು ದಿನಾ ಹೆಂಡತಿಯ ಕೈಯಿಂದಲೇ ಆ ಗಾಡಿಯನ್ನು ಕೊಲ್ಲಿಸುತ್ತಿದ್ದೇನೆ. ಇತ್ತ ನೋಡಿದರೆ ಸೀಟು ಹೋಗುತ್ತದೆ, ಅತ್ತ ನೋಡಿದರೆ ಇಂಜಿನ್ ಹೋಗುತ್ತದೆ. ನಿದ್ದೆಯಂತೂ ಆಗಲೇ ಹೋಗಿತ್ತು.

ಕೊನೆಗೆ ಒಂದು ದಿನ ಮುಳ್ಳು ಬೆಳಿಗ್ಗೆ ಮಲಗಿದ್ದು ಮಧ್ಯಾಹ್ನವಾದರೂ ಏಳಲಿಲ್ಲ. ಮಾವ ಅಂಗಡಿಯಿಂದ ಅಂಗಡಿಗೆ ನಲವತ್ತು, ನಲವತ್ತು ಎನ್ನುತ್ತ ಬಂದರು. ಕೊನೆಯ ಟ್ರೇ ಇಳಿಸಿ ಗಾಡಿ ಖಾಲಿಯಾದ ಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. ಮೂರನೆಯವರ ಕಣ್ಣೊಂದು ಬೇಕು. ಮೆಕ್ಯಾನಿಕ್ ಹತ್ತಿರ ಹೋಗಿ ಏನೋ ಒಂದು ನೆಪ ಹೇಳಿ ಕೀ ತಿರುಗಿಸಲು ಕೊಟ್ಟರಾಯಿತು. ಅವನಿಗೂ ಸೊನ್ನೆ ಕಂಡರೆ ಕೆಟ್ಟಿರುವುದು ಗಾಡಿ. ಅವನಿಗೆ ನಲವತ್ತು ಕಂಡರೆ ಕೆಟ್ಟಿರುವುದು ತಾನು.

"ಮನೆಗೆ ಹೋಗೋ ದಾರೀಲಿ ಬೋಲ್ಟ್ ಹತ್ರ ಒಂದು ಗಳಿಗೆ ಹೋಗೋಣ್ವಾ? ಆಯಿಲ್ ಬದಲಾಯಿಸಿ ತುಂಬಾ ದಿನ ಆಯ್ತು," ಎಂದರು, ಆದಷ್ಟು ಹಗುರವಾಗಿ.

"ಹೋಗೋಣ, ಈಗ್ಲೇ ಹೋಗೋಣ," ಎಂದು ಅತ್ತೆ ಮಾತು ಮುಗಿಯುವ ಮೊದಲೇ ಗಾಡಿ ತಿರುಗಿಸಿದರು. ಇಷ್ಟು ಬೇಗ ಒಪ್ಪಿಕೊಳ್ಳುವುದು ಅತ್ತೆಯ ಜಾಯಮಾನವಲ್ಲ. ಆದರೆ ಮಾವನಿಗೆ ತನ್ನ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು, ಅದನ್ನು ಗಮನಿಸಲಿಲ್ಲ.

ಬೋಲ್ಟ್ ಎಂಬುದು ಮೆಕ್ಯಾನಿಕ್ಕಿನ ಅಡ್ಡಹೆಸರು. ಕಲಿಯುವ ದಿನಗಳಲ್ಲಿ ಅವನು ಬಿಗಿದ ಬೋಲ್ಟುಗಳಲ್ಲಿ ಅರ್ಧದಷ್ಟು ಅವನ ಕೈಯಲ್ಲೇ ಮುರಿದಿದ್ದವು, ಹೆಸರು ಅಂಟಿಕೊಂಡಿತು. ಈಗ ಮುರಿಯುವುದು ಕಡಿಮೆಯಾಗಿದೆ, ಮೈ ಮಾತ್ರ ಹೆಚ್ಚಾಗಿದೆ. ಅವನ ಗ್ಯಾರೇಜು ತಗಡಿನ ಮಾಡಿನ ಉದ್ದನೆಯ ಕೋಣೆ. ಒಂದು ಗೋಡೆಗೆ ಟಯರುಗಳು ಒರಗಿದ್ದವು, ಇನ್ನೊಂದು ಗೋಡೆಯ ಮೊಳೆಗಳಿಗೆ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದಕ್ಕೆ ನೇತುಬಿದ್ದಿದ್ದವು. ನೆಲ ಎಣ್ಣೆ ಕುಡಿದು ಕುಡಿದು ಕಪ್ಪಗೆ ನುಣ್ಣಗಾಗಿತ್ತು. ಕಾಲು ಮುರಿದ ಬೆಂಚಿಗೆ ಹಳೆಯ ಪಿಸ್ಟನ್ ಕೊಟ್ಟು ನಿಲ್ಲಿಸಿದ್ದ.

"ಏನು ಮಾವ, ವಾರ್ತೆ ಏನು?" ಎನ್ನುತ್ತ ಬೋಲ್ಟ್ ಕೈ ಒರೆಸಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ತುರುಕಿಕೊಂಡು ಕೂತ. ಕೀ ತಿರುಗಿಸಿದ. ಇಂಜಿನ್ ಶುರುವಾಯಿತು. ಮರುಕ್ಷಣವೇ ಅದನ್ನು ಆರಿಸಿದ.

"ಮಾವ, ಆಯಿಲ್ ಸೊನ್ನೆ ತೋರಿಸ್ತಿದೆ."

ಮಾವನಿಗೆ ಒಂದು ಉಸಿರಿನಷ್ಟು ಹೊತ್ತು ಸ್ವರ್ಗ ಸಿಕ್ಕಿತು. ಕಣ್ಣು ಸರಿಯಿದೆ. ಕಣ್ಣು ಸರಿಯಿದೆ. ಮುಂದಿನ ಉಸಿರಿಗೆ ಅದು ಕೈತಪ್ಪಿ ಹೋಯಿತು. ಕಣ್ಣು ಸರಿಯಿದ್ದರೆ ಇಂಜಿನ್?

"ಯಾವಾಗಿಂದ ಹೀಗೆ?" ಬೋಲ್ಟ್ ಕೇಳಿದ.

ಮಾವ ಬಾಯಿ ತೆರೆದರು. ಮಾತಾಡಿದವರು ಅತ್ತೆ.

"ಒಂದು ವಾರ ಆಯ್ತು. ಮೊದಲು ಸಿಗ್ನಲ್ಲಲ್ಲಿ ನಿಂತಾಗ ಬೀಳ್ತಿತ್ತು, ಓಡೋವಾಗ ಏಳ್ತಿತ್ತು. ಇವತ್ತು ಬೆಳಿಗ್ಗೆಯಿಂದ ಎದ್ದೇ ಇಲ್ಲ."

ಬೋಲ್ಟ್ ಅತ್ತೆಯ ಮುಖ ನೋಡಿದ, ಮಾವನ ಮುಖ ನೋಡಿದ.

"ಅತ್ತೆ, ನಿಮಗೆ ಮುಳ್ಳು ಕಾಣಲ್ಲ ಅಲ್ವಾ?"

ಅತ್ತೆ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನೆಲ ನೋಡಿದರು. ಬೋಲ್ಟ್ ದಪ್ಪನೆಯ ಮನುಷ್ಯನೇ ಹೊರತು ದಡ್ಡನಲ್ಲ. "ಪ್ರೆಶರ್ ಗೇಜ್ ಒಳಗಿದೆ, ಹುಡುಕಬೇಕು, ತಡ ಆಗಬಹುದು," ಎಂದು ಹಿಂದಿನ ಕೋಣೆಗೆ ಹೋಗಿ ಅಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಡಬ್ಬಿಗಳ ಸದ್ದು ಮಾಡತೊಡಗಿದ.

"ಕಾಣ್ಸತ್ತಾ ನಿನಗೆ?" ಮಾವ ಕೇಳಿದರು.

"ಕಾಣ್ಸತ್ತೆ. ಕನ್ನಡಕದ ಗಾಜು ಬದಲಾಯಿಸ್ದೆ. ಮೇಲಿಂದ ದೂರದ್ದು, ಕೆಳಗಿಂದ ಹತ್ತಿರದ್ದು. ಫ್ರೇಮ್ ಹಳೇದೇ, ಅದಕ್ಕೆ ನಿಮಗೆ ಗೊತ್ತಾಗ್ಲಿಲ್ಲ."

"ಯಾವಾಗ?"

"ಹೋದ ಬೇಸಿಗೇಲಿ."

ಬೇಸಿಗೆ ಕಳೆದು ಚಳಿ ಬಂದಿತ್ತು. ಅಂದಿನಿಂದ ತಾನು ತಿರುವು ತಿರುವಿಗೂ ಗಂಟಲು ಹರಿದುಕೊಂಡು ವಾರ್ತೆ ಓದಿದ್ದೇನೆ, ಇವಳು ಎಲ್ಲವನ್ನೂ ಕಣ್ಣಾರೆ ನೋಡುತ್ತಲೇ "ಹೂಂ" ಎಂದಿದ್ದಾಳೆ. ಮಾವನಿಗೆ ನಾಚಿಕೆಯಾಯಿತೋ ಸಿಟ್ಟು ಬಂತೋ ಅವರಿಗೇ ತಿಳಿಯಲಿಲ್ಲ.

"ಹಾಗಾದ್ರೆ ಸೊನ್ನೆ ಬಿದ್ದದ್ದೂ ನೋಡಿದೀಯ. ನೋಡಿಯೂ ಯಾಕೆ ಗಾಡಿ ನಿಲ್ಲಿಸ್ಲಿಲ್ಲ?"

"ನೀವು ನಲವತ್ತು ಅಂದ್ರಲ್ಲ."

"ನಾನು ಅಂದ್ರೆ? ನಿನ್ನ ಕಣ್ಣಿಗೇ ಸೊನ್ನೆ ಕಾಣ್ತಿತ್ತಲ್ಲೇ."

"ಅವತ್ತು ಸೇತುವೆ ಹತ್ರ ಸರಿಯಾಗಿ ನೋಡಿದ್ರಾ ಅಂತ ಕೇಳ್ಬಿಟ್ಟೆ. ನಿಮ್ಮ ಮುಖ ನೋಡೋಕಾಗ್ಲಿಲ್ಲ ನನಗೆ. ಜನ್ಮದಲ್ಲಿ ಇನ್ನೊಂದ್ಸಲ ಹಾಗೆ ಕೇಳಬಾರದು ಅಂದ್ಕೊಂಡೆ. ಇಷ್ಟು ವರ್ಷದಲ್ಲಿ ನೀವು ಒಂದು ದಿನ ತಪ್ಪು ಹೇಳಿದೋರಲ್ಲ. ನೀವು ನಲವತ್ತು ಅಂತೀರಿ, ನನಗೆ ಸೊನ್ನೆ ಕಾಣ್ಸತ್ತೆ. ತಪ್ಪು ನನ್ನ ಕನ್ನಡಕದ್ದೇ ಅಂದ್ಕೊಂಡೆ. ಕನ್ನಡಕದ ಅಂಗಡಿಯವನ ಹತ್ರ ಹೋಗಿ ಜಗಳ ಆಡಿ ಬಂದೆ. ಪಾಪ, ಮತ್ತೆ ಮತ್ತೆ ಗಾಜು ತೆಗೆದು ನೋಡ್ದ. ಸರಿಯಾಗಿದೆಯಮ್ಮ ಅಂದ. ಅಂಗಡಿ ಮುಚ್ಚಿ ಹೋಗು ಅಂದೆ."

ಮಾವನಿಗೆ ನಗು ಬಂತು. ಆ ಪುಣ್ಯಾತ್ಮ ಕನ್ನಡಕದವನನ್ನು ನೆನೆದೇ ಬಂತು. ಅದು ಪೂರ್ತಿ ಹೊರಬರುವ ಮೊದಲೇ ಅತ್ತೆ ತಲೆಯೆತ್ತಿದರು.

"ನೀವ್ಯಾಕೆ ನಲವತ್ತು ಅಂದ್ರಿ?"

ಈಗ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮಾವ ಬೆಂಚಿನ ಮೇಲೆ ಕೂತರು.

"ಕಣ್ಣು ಹೋಯ್ತು ಅಂದ್ಕೊಂಡೆ. ಹೇಳಿದ್ರೆ ನನ್ನನ್ನ ಮನೇಲಿ ಬಿಟ್ಟು ಹೋಗ್ತೀಯ ಅಂತ ಭಯ ಆಯ್ತು. ಅದಕ್ಕೆ ಸುಳ್ಳು ಹೇಳ್ದೆ. ಇಂಜಿನ್ ಹೋದ್ರೂ ಹೋಗ್ಲಿ ಅನ್ನೋ ಹಾಗೆ ಹೇಳ್ದೆ. ತಪ್ಪಾಯ್ತು."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಗಾಜು ಕೊಳೆಯಾಗಿರಲಿಲ್ಲ. ಒರೆಸುತ್ತಲೇ ಇದ್ದರು.

"ಇಂಜಿನ್ ಕಚ್ಕೊಂಡು ಗಾಡಿ ಮಧ್ಯ ರಸ್ತೇಲಿ ನಿಂತಿದ್ರೆ? ಹಿಂದೆ ಲಾರಿ ಬರ್ತಿದ್ರೆ? ಗಾಡಿಯೊಳಗೆ ಇಬ್ರೂ ಇರ್ತಿದ್ವಿ ಅನ್ನೋದು ನೆನಪಾಗ್ಲಿಲ್ವಾ?"

"ನೆನಪಾಗ್ತಿತ್ತು. ದಿನಾ ನೆನಪಾಗ್ತಿತ್ತು."

"ನೆನಪಾದ್ರೂ ಹೇಳ್ಲಿಲ್ಲ."

"ಹೇಳ್ಲಿಲ್ಲ."

ಅತ್ತೆ ಕನ್ನಡಕ ಹಾಕಿಕೊಂಡರು. ಮುಖ ಬಿಗಿದಿತ್ತು. ಸಿಟ್ಟು ಬಂದಾಗ ಅತ್ತೆ ಕೂಗಾಡಿದರೆ ಮಾವನಿಗೆ ಧೈರ್ಯ, ಹೀಗೆ ಸುಮ್ಮನಾದರೆ ಜೀವ ಬಾಯಿಗೆ ಬರುತ್ತಿತ್ತು.

ಒಳಗೆ ಇನ್ನು ಸದ್ದು ಮಾಡಲು ಡಬ್ಬಿಗಳು ಉಳಿಯಲಿಲ್ಲವೋ ಏನೋ, ಬೋಲ್ಟ್ ಕೆಮ್ಮುತ್ತ ಹೊರಬಂದ. ಕೈಯಲ್ಲಿ ಉದ್ದನೆಯ ಕೊಳವೆಯ ತುದಿಗೆ ಗಡಿಯಾರದಂಥ ಗೇಜು.

"ನೋಡಿ, ಎರಡರಲ್ಲಿ ಒಂದು. ನಿಜವಾಗ್ಲೂ ಪ್ರೆಶರ್ ಇಲ್ಲ ಅಂದ್ರೆ ಇಂಜಿನ್ ಬಿಚ್ಚಬೇಕು, ಈ ಹಳೇ ಗಾಡಿಗೆ ಅದು ಬೇಡ, ಮಾರಿಬಿಡಿ ಅಂತೀನಿ. ಇಲ್ಲಾ, ಪ್ರೆಶರ್ ಇದೆ, ಮುಳ್ಳಿಗೆ ಸುದ್ದಿ ಕೊಡೋ ಸೆನ್ಸರ್ ಕೆಟ್ಟಿದೆ. ಸೆನ್ಸರ್ ಬಿಚ್ಚಿ ಆ ತೂತಿಗೆ ಈ ಗೇಜ್ ಹಾಕಿದ್ರೆ ಗೊತ್ತಾಗತ್ತೆ. ಒಂದೇ ತೊಂದರೆ. ಆ ಸೆನ್ಸರ್ ಇಂಜಿನ್ ಹಿಂದುಗಡೆ, ಕ್ಯಾಬಿನ್ ಗೋಡೆಗೆ ಮುಖ ಮಾಡ್ಕೊಂಡು ಕೂತಿದೆ. ಕಣ್ಣಿಗೆ ಕಾಣಲ್ಲ. ಕೈ ಹಾಕೋಣ ಅಂದ್ರೆ ನನ್ನ ಕೈ ಹಿಡಿಸಲ್ಲ."

ಬ್ಯಾಟರಿಯ ಒಂದು ತಂತಿ ಬಿಚ್ಚಿದ. ಗಾಳಿಯ ಕೊಳವೆ ತೆಗೆದಿಟ್ಟ. ಇಂಜಿನ್ ತಣಿಯುವವರೆಗೆ ಮೂವರೂ ಬಾನೆಟ್ಟಿನ ಸುತ್ತ ಹಸಿದವರು ಒಲೆಯ ಸುತ್ತ ನಿಂತ ಹಾಗೆ ನಿಂತರು. ಆಮೇಲೆ ಬೋಲ್ಟ್ ಕೈ ತೂರಿಸಿ ನೋಡಿದ, ಮುಂಗೈ ಮುಗಿದು ತೋಳು ಶುರುವಾಗುವಲ್ಲಿ ಸಿಕ್ಕಿಕೊಂಡ. ಅದನ್ನು ಬಿಡಿಸಲು ಸಾಬೂನು ನೀರು ಬೇಕಾಯಿತು.

"ಸರಿ, ಆಚೆ ಬಾ," ಎಂದು ಅತ್ತೆ ತೋಳು ಮೇಲೇರಿಸಿ ಕೈ ಇಳಿಬಿಟ್ಟರು. ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕಿದರು. "ಸಿಕ್ತು. ತಂತಿಯ ಮೂತಿ. ಪಕ್ಕದಲ್ಲಿ ಒಂದು ನಾಲಿಗೆ ಇದೆ."

"ಆ ನಾಲಿಗೆ ಒತ್ತಿ ಎಳೀರಿ."

ಟಕ್ ಎಂದಿತು. ಮೂತಿಯನ್ನು ಮೇಲೆ ಎತ್ತಿ ಹಿಡಿದರೆ ಒಳಗೆ ಎಣ್ಣೆ ಜಿನುಗುತ್ತಿತ್ತು. ಅದು ಸೆನ್ಸರ್ ಕೆಟ್ಟ ಲಕ್ಷಣ, ಬೋಲ್ಟಿನ ಮುಖ ಅರಳಿತು, ಆದರೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಉದ್ದನೆಯ ಸಾಕೆಟ್ಟು ಕೊಟ್ಟ, ಅತ್ತೆ ಅದನ್ನು ಕುರುಡಾಗಿಯೇ ಕೂರಿಸಿ ತಿರುಗಿಸಿದರು. ಹೆಬ್ಬೆರಳ ಗಾತ್ರದ ಹಿತ್ತಾಳೆಯ ವಸ್ತುವೊಂದು ಎಣ್ಣೆ ಮೆತ್ತಿಕೊಂಡು ಹೊರಬಂತು. ಅದರ ಜಾಗಕ್ಕೆ ಗೇಜಿನ ಕೊಳವೆ ಸೇರಿತು.

"ಈಗ ಅತ್ತೆ ಸ್ಟಾರ್ಟ್ ಮಾಡಲಿ. ಕೊಳವೆ ಸರಿಯಾಗಿ ಕೂತಿಲ್ಲ, ನಾನು ಕೆಳಗಿಂದ ಬಟ್ಟೆ ಒತ್ತಿ ಹಿಡೀತೀನಿ. ಮಾವ, ಗೇಜ್ ನೀವು ಹಿಡ್ಕೊಳ್ಳಿ. ಎಷ್ಟು ತೋರಿಸತ್ತೆ ಅಂತ ಕೂಗಿ ಹೇಳಿ."

ಹೀಗೆ ಹೇಳಿ ಬೋಲ್ಟ್ ಗಾಡಿಯ ಕೆಳಗೆ ತೂರಿಕೊಂಡ. ಕಾಲುಗಳು ಮಾತ್ರ ಹೊರಗೆ ಉಳಿದವು. ಅತ್ತೆ ಬ್ಯಾಟರಿಯ ತಂತಿ ಸಿಕ್ಕಿಸಿ ಸೀಟಿಗೆ ಹೋಗಿ ಕೂತರು. ಎತ್ತಿದ ಬಾನೆಟ್ಟು ಇಬ್ಬರ ನಡುವೆ ಗೋಡೆಯಂತೆ ನಿಂತಿತ್ತು. ಮಾವನಿಗೆ ಅವರ ಮುಖ ಕಾಣುತ್ತಿರಲಿಲ್ಲ, ಅವರಿಗೆ ಗೇಜು ಕಾಣುತ್ತಿರಲಿಲ್ಲ. ವಾರವಿಡೀ ಸುಳ್ಳು ಓದಿದ ಮನುಷ್ಯ ಈಗ ಮತ್ತೆ ಓದಬೇಕು. ಯಾರಾದರೂ ಯಾಕೆ ನಂಬಬೇಕು ಎಂದು ಮಾವನಿಗೇ ಅನ್ನಿಸಿತು. ಗೇಜಿನ ಗಾಜನ್ನು ಅಂಗಿಯ ಅಂಚಿನಿಂದ ಉಜ್ಜಿ ಉಜ್ಜಿ ಒರೆಸಿದರು.

ಇಂಜಿನ್ ಶುರುವಾಯಿತು. ಮುಳ್ಳು ಅಲುಗಲಿಲ್ಲ. ಗಾಡಿಯನ್ನು ಕೊಂದವನು ತಾನೇ ಎಂದು ಖಾತ್ರಿಯಾಯಿತು. ಅಷ್ಟರಲ್ಲಿ ಕೊಳವೆಯೊಳಗೆ ಎಣ್ಣೆ ಏರಿ ಮುಳ್ಳು ಒಮ್ಮೆ ಅದುರಿತು, ಮೆಲ್ಲನೆ ಎದ್ದಿತು, ಹತ್ತು ದಾಟಿತು, ಇಪ್ಪತ್ತು ದಾಟಿತು, ನಿಂತಿತು. ಮಾವ ಎರಡೆರಡು ಸಲ ನೋಡಿದರು. ಗೇಜನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು.

"ಮೂವತ್ತು," ಎಂದರು. "ಮೂವತ್ತಿದೆ ಕಣೇ."

ಬಾನೆಟ್ಟಿನ ಆಚೆಯಿಂದ ಏನೂ ಕೇಳಿಸಲಿಲ್ಲ.

"ನೀನೇ ಬಂದು ಒಂದ್ಸಲ ನೋಡು. ನನ್ನ ಮಾತು ಬೇಡ, ನೀನೇ ನೋಡು."

"ಮೂವತ್ತು ಅಂದ್ರಲ್ಲ," ಎಂಬ ಉತ್ತರ ಬಂತು. "ಈಗ ಆಕ್ಸಲರೇಟರ್ ಒತ್ತುತೀನಿ, ಎಷ್ಟು ಹೇಳಿ."

ಇಂಜಿನ್ ಗುರುಗುಟ್ಟಿತು.

"ಐವತ್ತು. ಐವತ್ತಕ್ಕಿಂತ ಒಂದು ಕೂದಲು ಮೇಲೆ."

"ಅಷ್ಟಿದ್ರೆ ಪ್ರೆಶರ್ ಸರಿಯಿದೆ. ಅತ್ತೆ, ಬಂದು ನೋಡ್ಕೊಂಡು ಹೋಗಿ, ಹೊಟ್ಟೆ ತಣ್ಣಗಾಗತ್ತೆ," ಎಂದ ಬೋಲ್ಟ್ ಗಾಡಿಯ ಕೆಳಗಿನಿಂದ.

"ಅವರು ನೋಡಿದಾರಲ್ಲ," ಎಂದು ಅತ್ತೆ ಇಂಜಿನ್ ಆರಿಸಿದರು. ಇಳಿದು ಬಂದು ಗೇಜಿನ ಕಡೆ ಕಣ್ಣೂ ಹಾಯಿಸದೆ ಕೈ ತೊಳೆಯಲು ಹೋದರು. ಮಾವ ಗೇಜು ಹಿಡಿದುಕೊಂಡೇ ಅತ್ತರು. ಬೋಲ್ಟ್ ಕೆಳಗಿದ್ದದ್ದು ಒಳ್ಳೆಯದೇ ಆಯಿತು.

ಉಳಿದದ್ದು ಚಿಲ್ಲರೆ ಕೆಲಸ. ಎದುರಿನ ಸ್ಪೇರ್ ಅಂಗಡಿಯಿಂದ ಹೊಸ ಸೆನ್ಸರ್ ಬಂತು. ಬೋಲ್ಟ್ ಹಳೆಯದನ್ನು ಅಂಗೈಯಲ್ಲಿ ಉರುಳಿಸುತ್ತ, "ಇಂಜಿನ್ನಿಗೆ ಏನೂ ಆಗಿಲ್ಲ ನೋಡಿ, ಸುದ್ದಿ ಹೇಳೋನೇ ಕೆಟ್ಟಿದ್ದ," ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ನಮ್ಮ ಸುದ್ದಿ ಹೇಳೋರನ್ನ ಬದಲಾಯಿಸೋದು ಬೇಡ. ಈ ಹಿತ್ತಾಳೆದು ಬದಲಾಯಿಸು ಸಾಕು," ಎಂದರು ಅತ್ತೆ. ಮಾವನಿಗೆ ಆ ಮಾತಿನಿಂದ ಅರ್ಧ ಜೀವ ಬಂತು. ಇನ್ನರ್ಧ ಬರಲಿಲ್ಲ, ಏಕೆಂದರೆ ಅತ್ತೆಯ ಮುಖದ ಬಿಗಿ ಇನ್ನೂ ಸಡಿಲವಾಗಿರಲಿಲ್ಲ.

ಹೊಸದನ್ನು ಮಾವನ ಕೈಯಿಂದಲೇ ಹಾಕಿಸಿದರು. ಮೊದಲ ಸುತ್ತುಗಳನ್ನು ಬರೀ ಬೆರಳಿನಿಂದ ತಿರುಗಿಸಬೇಕು, ಓರೆಯಾದರೆ ತೂತೇ ಹಾಳಾಗುತ್ತದೆ ಎಂದು ಬೋಲ್ಟ್ ಹೇಳಿದ. ಮೊಟ್ಟೆ ಎತ್ತಿ ಎತ್ತಿ ಹದವಾದ ಬೆರಳು, ಅದಕ್ಕೆ ಕಲಿಸಬೇಕಾದ್ದು ಏನೂ ಇರಲಿಲ್ಲ. ಕೊನೆಯ ಬಿಗಿ ಕೊಡಲು ಬೋಲ್ಟ್ ಉತ್ಸಾಹದಿಂದ ಸ್ಪ್ಯಾನರ್ ಎತ್ತಿಕೊಂಡಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ "ನೀನು ಬೇಡ" ಎಂದರು. ತಂತಿಯ ಮೂತಿ ಒರೆಸಿ ಸಿಕ್ಕಿಸಿದ್ದಾಯಿತು. ಇಂಜಿನ್ ಶುರುಮಾಡಿ ಎಣ್ಣೆ ಸೋರುತ್ತಿಲ್ಲವೆಂದು ನೋಡಿದ್ದಾಯಿತು. ಡ್ಯಾಶ್‌ಬೋರ್ಡಿನ ಮುಳ್ಳು ಒಳ್ಳೆಯ ಮಗುವಿನಂತೆ ಎದ್ದು ನಿಂತಿತ್ತು.

ಮನೆಯ ದಾರಿಯಲ್ಲಿ ತಿರುವು ಬಂತು, ಹೋಯಿತು. ಗಂಟಲಿನವರೆಗೆ ಬಂದ ವಾರ್ತೆಯನ್ನು ಮಾವ ನುಂಗಿಕೊಂಡರು. ಅತ್ತೆಯೇ ಮಾತು ತೆಗೆದರು.

"ಇನ್ಮೇಲೆ ಮುಳ್ಳು ನಾನೇ ನೋಡ್ಕೋತೀನಿ."

ನ್ಯಾಯವಾದ ಮಾತು. ಕಣ್ಣಿರುವವರು ನೋಡಿಕೊಳ್ಳುತ್ತಾರೆ, ಸುಳ್ಳು ಹೇಳಿದವನು ಮನೆಯಲ್ಲಿ ಕೂರುತ್ತಾನೆ. ಮಾವ ತಲೆಯಾಡಿಸಿದರು.

"ಆಯ್ತು. ನಾಳೆಯಿಂದ ಆಳಿಗೆ ಹೇಳೋಣ. ಮಗಳಿಗೂ ಸಮಾಧಾನ ಆಗತ್ತೆ."

"ಆಳು ಯಾಕೆ?"

"ನನಗಿನ್ನು ಗಾಡೀಲಿ ಕೆಲಸ ಇಲ್ವಲ್ಲ."

ಅತ್ತೆ ಗಾಡಿಯನ್ನು ಮೆಲ್ಲನೆ ರಸ್ತೆಯ ಪಕ್ಕಕ್ಕೆ ಒಯ್ದು ನಿಲ್ಲಿಸಿದರು. ಸ್ಟಿಯರಿಂಗ್ ಹಿಡಿದುಕೊಂಡೇ ಗಂಡನ ಕಡೆ ತಿರುಗಿದರು. ಅವರ ಮುಖದ ಬಿಗಿ ಈಗ ಪೂರ್ತಿ ಕಳಚಿತ್ತು.

"ನನ್ನ ಪಕ್ಕ ಕೂರೋಕೆ ನಿಮಗೊಂದು ಕೆಲಸ ಬೇಕಾ?"

ಮಾವ ಕಣ್ಣನ್ನು ಮುಳ್ಳುಗಳ ಮೇಲೆ ನೆಟ್ಟರು.

"ಕನ್ನಡಕದ ವಿಷಯ ಯಾಕೆ ಮುಚ್ಚಿಟ್ಟೆ ಅಂತ ಅಲ್ಲಿ ನೀವು ಕೇಳ್ಲಿಲ್ಲ. ಈಗ ಹೇಳ್ತೀನಿ ಕೇಳಿ. ನನಗೆ ಮುಳ್ಳು ಕಾಣ್ಸತ್ತೆ ಅಂತ ಗೊತ್ತಾದ್ರೆ ನೀವು ಬರೋದು ಬಿಟ್ಟುಬಿಡ್ತೀರಿ ಅಂತ. ಮಗಳು ಹೇಳಿದ್ದೇ ಸರಿ ಅಂದ್ಕೊಂಡು ಮನೇಲಿ ಕೂತುಬಿಡ್ತೀರಿ ಅಂತ. ಒಬ್ಬಳೇ ಈ ಗಾಡೀಲಿ ಹೋಗೋದು ನನ್ನ ಕೈಲಿ ಆಗಲ್ಲ. ನೀವು ಒಂದು ವಾರ ಹೆದರಿದ್ರಿ. ನಾನು ಬೇಸಿಗೆಯಿಂದ ಹೆದರ್ತಾ ಇದೀನಿ."

ಮಾವ, "ನಾಳೆ ಎಷ್ಟು ಹೊತ್ತಿಗೆ ಹೊರಡೋಣ?" ಎಂದು ಕೇಳಿದರು.

"ದಿನಾ ಹೊರಡೋ ಹೊತ್ತಿಗೆ," ಎಂದು ಅತ್ತೆ ಗಾಡಿ ಹೊರಡಿಸಿದರು.

ಈಗ ಕಣ್ಣನ್ನು ಎಲ್ಲಿಡಬೇಕೆಂದು ಮಾವನಿಗೆ ಗೊತ್ತಾಗಲಿಲ್ಲ. ಮುಳ್ಳು ನೋಡುವ ಹಾಗಿಲ್ಲ. ಹೊರಗೆ ನೋಡಿದರೆ ಎಲ್ಲ ಕಲಸಿದ ಬಣ್ಣ. ಹಾಗಾಗಿ ಪಕ್ಕಕ್ಕೆ ನೋಡಿದರು. ತಿರುವಿನಲ್ಲಿ ಅತ್ತೆ ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಹಿಡಿಯುತ್ತಿದ್ದರು, ಗಾಡಿ ನೇರವಾದ ಮೇಲೆ ಬಿಡುತ್ತಿದ್ದರು. ಕಿವಿಯ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮುಂದೆ ಇನ್ನೂ ಇಲ್ಲ. ಕೆನ್ನೆಯ ಮೇಲೆ ಎಣ್ಣೆಯ ಗೀರೊಂದು ಉಳಿದಿತ್ತು. ಇಷ್ಟು ವರ್ಷ ಅದೇ ಸೀಟಿನಲ್ಲಿ ಕೂತು ಮಾವ ಇದನ್ನೆಲ್ಲ ನೋಡಿರಲಿಲ್ಲ. ಕೆಲಸದ ಮೇಲಿದ್ದರು.

"ಏನ್ರೀ, ಹಾಗೆ ನೋಡ್ತಾ ಇದೀರಿ? ರಸ್ತೆ ನೋಡಿ," ಎಂದರು ಅತ್ತೆ.

"ರಸ್ತೆ ನನಗೆ ಕಾಣಲ್ವಲ್ಲೇ."

"ಹಾಗಾದ್ರೆ ಇಲ್ಲೇ ನೋಡ್ತಾ ಇರಿ," ಎಂದು ಅತ್ತೆ ಗೇರು ಬದಲಿಸಿದರು.